ಕಟ್ಟೆ ಕಟ್ಟಿಸಿಕೊಂಡ ಹಿಪ್ಪೆ ಮರಗಳು

ಮೈಸೂರಿನಲ್ಲಿ ಕೊಳ್ಳೇಗಾಲದ ಬಸ್ಸು ಹತ್ತುವಾಗಲೇ ನನಗೆ ಸಿಟ್ಟು ಬಂದಿತ್ತು. ಹಿಂದಿನ ದಿನ ಅತ್ತಿಗೆ ಫೋನು ಮಾಡಿದ್ದರು. ಊರ ಮುಂದಿನ ಹಿಪ್ಪೆ ತೋಪಿನಲ್ಲಿ ನಮ್ಮಣ್ಣ ದಿನಾ ಸಂಜೆ ಹೋಗಿ ಕೂರುತ್ತಿದ್ದ ಮರ ಒಣಗುತ್ತಿದೆಯಂತೆ, ಸೋಮವಾರ ಅದನ್ನು ಕಡಿಸುವುದೆಂದು ಪಂಚಾಯಿತಿಯವರು ತೀರ್ಮಾನ ಮಾಡಿದ್ದಾರಂತೆ. ನೀನು ಓದಿದವಳು, ಬಂದು ನಾಲ್ಕು ಮಾತಾಡು ಎಂದು ಕರೆದರು. ಅಣ್ಣ ಗುರುಮಲ್ಲಪ್ಪ ತೀರಿಕೊಂಡು ಕೆಲವು ವರ್ಷಗಳಾದವು. ಅತ್ತಿಗೆ ಪುಟ್ಟಮ್ಮಣ್ಣಿ ಆ ಮೊದಲೂ ಆಮೇಲೂ ಯಾರ ಮುಂದೆಯೂ ಇದು ಬೇಕು ಎಂದು ಕೇಳಿದವರಲ್ಲ. ಅಂಥವರು ಒಂದು ಮರಕ್ಕಾಗಿ ದನಿ ನಡುಗಿಸಿಕೊಂಡು ಮಾತಾಡಿದ್ದನ್ನು ಕೇಳಿ ಸುಮ್ಮನಿರಲು ನನ್ನಿಂದಾಗಲಿಲ್ಲ. ಎರಡು ಸೀರೆ, ಒಂದು ಟವೆಲು, ಬಿಪಿ ಮಾತ್ರೆ ಚೀಲಕ್ಕೆ ತುರುಕಿಕೊಂಡು ಹೊರಟೆ.

ಹೆಂಗಸರಿಗೆ ಬಸ್ಸು ಉಚಿತವಾದ್ದರಿಂದ ಕಂಡಕ್ಟರು ನನ್ನ ಆಧಾರ್ ಕಾರ್ಡು ನೋಡಿ ಸೊನ್ನೆ ರೂಪಾಯಿಯ ಟಿಕೆಟ್ಟು ಕೊಟ್ಟ. ಮುಂದಿನ ಸೀಟಿನ ಒಬ್ಬರು ದುಡ್ಡು ಕೊಟ್ಟವರು ನಿಲ್ಲಬೇಕು, ಪುಕ್ಕಟೆಯವರು ಕೂರಬೇಕು ಎಂದು ಗೊಣಗಿದರು. ಅವರು ಕೂತೇ ಇದ್ದರು. ಕಪಿಲೆಯ ಸೇತುವೆ ದಾಟಿದ ಮೇಲೆ ಒಂದೊಂದು ಸ್ಟಾಪಿನಲ್ಲೂ ಹೆಂಗಸರು ಸೆರಗು ತಲೆಗೆಳೆದುಕೊಂಡು ಬಿಸಿಲಲ್ಲಿ ನಿಂತಿದ್ದರು. ನಾನು ಕಾಲೇಜಿಗೆ ಓಡಾಡುತ್ತಿದ್ದ ಕಾಲಕ್ಕೆ ಆ ಸ್ಟಾಪುಗಳಿಗೆಲ್ಲ ಮರಗಳದೇ ಹೆಸರಿತ್ತು. ಆಲದ ಮರದ ಸ್ಟಾಪು, ಹುಣಸೆ ಮರದ ಸ್ಟಾಪು ಎಂದರೆ ಕಂಡಕ್ಟರು ಸೀಟಿ ಊದುತ್ತಿದ್ದ. ರಸ್ತೆ ಅಗಲ ಮಾಡಿದವರು ಮರ ಕಡಿದು ತಗಡಿನ ತಂಗುದಾಣ ನಿಲ್ಲಿಸಿದ್ದಾರೆ. ತಗಡಿನ ಕೆಳಗೆ ಕೂತರೆ ಬೆಂದುಹೋಗುತ್ತೇವೆಂದು ಹೆಂಗಸರು ಅದರ ಹೊರಗೆ ನಿಂತಿದ್ದಾರೆ. ಒಳಗೆ ಗೋಡೆಯ ಮೇಲೆ ಅದನ್ನು ಕಟ್ಟಿಸಿದವರ ಫೋಟೊ ಮಾತ್ರ ತಣ್ಣಗಿದೆ.

ಕೊಳ್ಳೇಗಾಲಕ್ಕೆ ಬರುವ ಹೊತ್ತಿಗೆ ಬಿಸಿಲು ನೆತ್ತಿಗೆ ಏರಿತ್ತು. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಇಡ್ಲಿ ತಿಂದು ಕಾಫಿ ಕುಡಿದೆ. ಚಟ್ನಿ ಚೆನ್ನಾಗಿತ್ತು, ಅದೊಂದೇ ಆ ದಿನ ನನಗೆ ಸಮಾಧಾನ ಕೊಟ್ಟ ವಸ್ತು. ಅಲ್ಲಿಂದ ಮಾದಪ್ಪನ ಬೆಟ್ಟಕ್ಕೆ ಹೋಗುವ ಬಸ್ಸು ಹಿಡಿದೆ. ಬೆಟ್ಟಕ್ಕೆ ಹೊರಟ ಭಕ್ತರು ಬಸ್ಸಿನ ತುಂಬ ಇದ್ದರು. ಅವರ ಜೊತೆ ಹನೂರಿನವರೆಗೆ ಹೋಗಿ ಇಳಿದು, ಶೇರ್ ಆಟೊದಲ್ಲಿ ಊರು ಸೇರಿದೆ. ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಅತ್ತಿಗೆಗೆ ಅಲ್ಲಿ ಒಂದು ಲೋಟ ನೀರು ಹುಟ್ಟುವುದಿಲ್ಲ.

ತೋಪಿನ ವಿಷಯ ಮೊದಲು ಹೇಳಬೇಕು. ನಮ್ಮ ತಾತನ ಕಾಲಕ್ಕೆ ಕೊಳ್ಳೇಗಾಲ, ಹನೂರು ಎಲ್ಲವೂ ಮದರಾಸು ಸರ್ಕಾರದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. ಕಂದಾಯದವರ ಬಾಯಲ್ಲಿ ಅದು ‘ತೋಪು ಪೊರಂಬೋಕು’. ಪೊರಂಬೋಕು ಎಂದರೆ ಯಾರೊಬ್ಬರ ಪಟ್ಟಾಕ್ಕೂ ಸೇರದ, ಕಂದಾಯವಿಲ್ಲದ ನೆಲ. ಎಲ್ಲರಿಗೂ ಸೇರಿದ್ದು ಎಂದು ಆ ಮಾತಿನ ಅರ್ಥ. ನಮ್ಮ ಜನ ಅದನ್ನು ಕೆಲಸಕ್ಕೆ ಬಾರದವನನ್ನು ಬೈಯಲು ಇಟ್ಟುಕೊಂಡರು. ಅದೇ ಕೊಳ್ಳೇಗಾಲದ ಆಚೆ ಯಳಂದೂರಿನ ಜಹಗೀರು, ಮೈಸೂರು ಸೀಮೆ. ಅಲ್ಲಿ ಅಂಥ ನೆಲಕ್ಕೆ ಗುಂಡುತೋಪು ಎನ್ನುತ್ತಿದ್ದರು. ಹೆಸರು ಬೇರೆಯಾದರೂ ನಡಾವಳಿ ಒಂದೇ ಆಗಿತ್ತು.

ನಮ್ಮ ತೋಪನ್ನು ನೆಟ್ಟವರು ಯಾರೆಂದು ತಾತನಿಗೂ ಗೊತ್ತಿರಲಿಲ್ಲ. ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವವರು ಬಿಸಿಲ ಹೊತ್ತು ಅಲ್ಲಿ ಇಳಿಯುತ್ತಿದ್ದರು, ಮೂರು ಕಲ್ಲು ಹೂಡಿ ಅನ್ನ ಬೇಯಿಸಿಕೊಳ್ಳುತ್ತಿದ್ದರು. ಊರಿನ ದನಗಳನ್ನು ಮಧ್ಯಾಹ್ನ ಅಲ್ಲೇ ತರುಬುತ್ತಿದ್ದರು. ಹಸಿ ಕೊಂಬೆಗೆ ಮಚ್ಚು ತಾಕಿಸುವಂತಿರಲಿಲ್ಲ, ಗಾಳಿಗೆ ಬಿದ್ದದ್ದು ಸೌದೆಗೆ. ಹಿಪ್ಪೆ ಬೀಜವನ್ನು ಗಾಣಕ್ಕೆ ಹಾಕಿಸಿದರೆ ಮೊದಲ ಎಣ್ಣೆ ದೇವಸ್ಥಾನದ ದೀಪಕ್ಕೆ ಹೋಗಬೇಕು, ಉಳಿದದ್ದು ಆರಿಸಿದವರ ಮನೆಗೆ. ಹೂವಿಗೆ ಮಾತ್ರ ಯಾವ ಕಟ್ಟಳೆಯೂ ಇಲ್ಲ. ರಾತ್ರಿಯೆಲ್ಲ ಬಾವಲಿಗಳು ತಿಂದು ಬಿಟ್ಟದ್ದನ್ನು ಬೆಳಕು ಹರಿಯುವ ಮುಂಚೆ ಯಾರು ಮೊದಲು ಗುಡಿಸಿಕೊಂಡರೆ ಅವರದು. ನಾವು ಹುಡುಗಿಯರು ಹಳೇ ಸೀರೆ ಹಾಸಿ ಕಾಯುತ್ತಿದ್ದೆವು. ಬೆಣ್ಣೆ ಬಣ್ಣದ ಹೂವು, ಕಚ್ಚಿದರೆ ಬೆಲ್ಲದ ನೀರು. ಒಣಗಿಸಿ ಹುರುಳಿಯ ಜೊತೆ ಹುರಿದರೆ ಅಂಥ ತಿಂಡಿ ಇನ್ನೊಂದಿಲ್ಲ. ಅರ್ಧ ಹೊಟ್ಟೆಗೆ, ಅರ್ಧ ಉಡಿಗೆ.

ಈಗ ತೋಪಿಗೆ ಕಮಾನು ಬಂದಿದೆ. ‘ವೃಕ್ಷೋದ್ಯಾನ’ ಎಂದು ಬಣ್ಣದ ಅಕ್ಷರದಲ್ಲಿ ಬರೆದಿದ್ದಾರೆ. ಒಳಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟೆ. ನೆಲಕ್ಕೆಲ್ಲ ಸಿಮೆಂಟು ಕಲ್ಲು ಜೋಡಿಸಿದ್ದಾರೆ. ಒಂದು ಸಿಮೆಂಟಿನ ಜಿಂಕೆ, ಮಕ್ಕಳು ಕೂರಲು ಸಿಮೆಂಟಿನ ಅಣಬೆಗಳು. ಮರಗಳಿಗೆ ಸೊಂಟದೆತ್ತರದ ದುಂಡನೆಯ ಕಟ್ಟೆ, ಕಟ್ಟೆಗೆ ಬಚ್ಚಲುಮನೆಯ ಟೈಲ್ಸು, ಒಂದೊಂದು ಕಟ್ಟೆಗೂ ಒಬ್ಬೊಬ್ಬ ತೀರಿಕೊಂಡವರ ಹೆಸರಿನ ಕಪ್ಪು ಕಲ್ಲು. ಮೂಲೆಯ ದೊಡ್ಡ ಆಲದ ಮರ ಮಾತ್ರ ಕಟ್ಟೆಯಿಲ್ಲದೆ ನಿಂತಿತ್ತು. ಅದರ ಸುತ್ತಳತೆಗೆ ಟೈಲ್ಸು ಹಾಕಿಸುವಷ್ಟು ದೊಡ್ಡ ಸತ್ತವರು ಊರಲ್ಲಿ ಇನ್ನೂ ಸಿಕ್ಕಿಲ್ಲವೇನೋ.

ಆ ಆಲದ ಮರದ ಮೇಲೂ ಏನೋ ಕಡಿಮೆಯಾಗಿತ್ತು. ಯೋಚಿಸಿದ ಮೇಲೆ ತಿಳಿಯಿತು. ನಮ್ಮ ಕಡೆ ಹಸು ಈದರೆ ಕರುವಿನ ಹಿಂದೆ ಬೀಳುವ ಮಾಸನ್ನು ಹುಲ್ಲಿನಲ್ಲಿ ಸುತ್ತಿ, ಹಾಲು ಬರುವ ಮರದ ಕೊಂಬೆಗೆ ಎತ್ತರದಲ್ಲಿ ಕಟ್ಟುತ್ತಾರೆ. ನಾಯಿ ಎಳೆಯಬಾರದು, ಮರದಲ್ಲಿ ಹಾಲಿರುವಂತೆ ಕೆಚ್ಚಲಲ್ಲೂ ಹಾಲಿರಬೇಕು ಎಂಬ ಆಸೆ. ನಾನು ಕಂಡಂತೆ ಯಾವ ಕಾಲದಲ್ಲೂ ಆ ಆಲದಲ್ಲಿ ಇಂಥ ಗಂಟುಗಳು ತೂಗುತ್ತಿದ್ದವು. ಈಗ ಒಂದೂ ಇಲ್ಲ. ಕೊಳಕು ಎಂದು ಕಿತ್ತುಹಾಕಿ, ಆ ಕೊಂಬೆಗಳಿಗೆ ಬಣ್ಣದ ಸೀರಿಯಲ್ ಲೈಟು ಸುತ್ತಿದ್ದಾರೆ.

ಅಣ್ಣನ ಮರದ ಮುಂದೆ ಅತ್ತಿಗೆ ನನಗಾಗಿ ಕಾಯುತ್ತಿದ್ದರು. ಹಿಪ್ಪೆ ಮರಗಳು ಹೂ ಬಿಡುವ ಕಾಲ ಅದು. ಪಕ್ಕದ ಕೆಲವು ಮರಗಳಲ್ಲಿ ಅಷ್ಟಿಷ್ಟು ಹೂವಿತ್ತು. ಇದರ ನೆತ್ತಿ ಮಾತ್ರ ಬೋಳಾಗಿ, ಮೇಲಿನ ಕೊಂಬೆಗಳು ಬೆಳ್ಳಗೆ ಒಣಗಿ ನಿಂತಿದ್ದವು. ಕಟ್ಟೆಯ ಅಂಚಿಗೆ ಬೊಡ್ಡೆ ಸೇರುವ ಕಡೆ ತೊಗಟೆ ಮೆತ್ತಗಾಗಿ, ಕೈಯಿಟ್ಟರೆ ಕಿತ್ತುಬರುತ್ತಿತ್ತು. ಅಲ್ಲಿ ನಿಜವಾದ ಅಣಬೆಗಳು ಎದ್ದಿದ್ದವು. ಕಟ್ಟೆಯ ಮೇಲೆ ಅಣ್ಣನ ಹೆಸರು, ಕೆಳಗೆ ‘ಧರ್ಮಪತ್ನಿಯ ಸೇವೆ’ ಎಂದು ಕೆತ್ತಿಸಿದ್ದರು. ಕಲ್ಲಿಗೆ ವಿಭೂತಿ ಬಳಿದಿದ್ದರು, ಬುಡಕ್ಕೆ ಬೆಳಿಗ್ಗೆ ಸುರಿದ ಹಾಲು ಟೈಲ್ಸಿನ ಮೇಲೆ ಹರಿದು ಒಣಗಿತ್ತು.

“ನಿಮ್ಮಣ್ಣ ಓದ್ಮೇಲೆ ಮರನೂ ಕೊರಗ್ತಾ ಅದ ಕಣವ್ವ” ಎಂದರು ಅತ್ತಿಗೆ. “ನಾನು ಅನ್ನ ಉಣ್ತಾ ಇವ್ನಿ. ಅದು ಉಣ್ತಿಲ್ಲ.”

ಮೈಸೂರಿನ ನಮ್ಮ ಬೀದಿಯಲ್ಲಿ ರಸ್ತೆ ಎತ್ತರಿಸಿ ಕಾಂಕ್ರೀಟು ಸುರಿದ ಮೇಲೆ ಹೊಂಗೆ ಮರಗಳು ಒಂದರ ಹಿಂದೆ ಒಂದು ಸತ್ತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹೀಗೇ ನೆತ್ತಿ ಒಣಗಿ, ಹೀಗೇ ಬುಡ ಕೊಳೆತು ಸತ್ತವು. ಮರ ಕೊರಗುತ್ತಿರಲಿಲ್ಲ. ಅತ್ತಿಗೆ ಕೈಯಾರೆ ಕಟ್ಟಿಸಿದ ಕಟ್ಟೆ ಅದರ ಉಸಿರು ಕಟ್ಟಿಸಿತ್ತು. ಪಂಚಾಯಿತಿಯವರ ಮೇಲೆ ಹಾರಾಡಲು ಬಂದ ನಾನು ಇದನ್ನು ಹೇಳಬೇಕಾದದ್ದು ಯಾರಿಗೆ? ಗಂಡನಿಗೆಂದು ಕಟ್ಟಿಸಿದ್ದೇ ಗಂಡನ ಮರಕ್ಕೆ ಕುತ್ತಾಯಿತು ಎಂದು ಅವರ ಮುಖ ನೋಡಿ ಹೇಗೆ ಹೇಳುವುದು?

ಮರಕ್ಕೆ ಕಟ್ಟೆ ಕಟ್ಟಿಸುವುದು ಪುಣ್ಯದ ಕೆಲಸವೆಂದು ನಮ್ಮಲ್ಲಿ ಮೊದಲಿಂದಲೂ ಇದೆ. ಆದರೆ ಹಳಬರು ಕಟ್ಟಿದ್ದು ಅರಳಿ, ಬೇವಿಗೆ. ಗಾರೆಯಿಲ್ಲದೆ ಕಾಡುಕಲ್ಲು ಜೋಡಿಸಿದ ಮೊಣಕಾಲೆತ್ತರದ ಕಟ್ಟೆ, ಬುಡದಿಂದ ಸಾಕಷ್ಟು ದೂರ. ಮಳೆ ನೀರು ಸಂದಿಯಲ್ಲಿ ಇಳಿಯುತ್ತಿತ್ತು, ಓತಿಕ್ಯಾತ ಸಂದಿಯಲ್ಲಿ ಮೊಟ್ಟೆಯಿಡುತ್ತಿತ್ತು. ಇವರದು ಬೊಡ್ಡೆಗೆ ಒತ್ತಿದ ಗೋಡೆ, ಒಳಗೆಲ್ಲ ಮಣ್ಣು, ಮೇಲೆ ಸಿಮೆಂಟಿನ ಮುಚ್ಚಳ. ಊರಿನ ಒಬ್ಬ ವ್ಯಾಪಾರಿ ಮೊದಲು ತನ್ನ ತಂದೆಯ ಹೆಸರಿನಲ್ಲಿ ಹೀಗೊಂದು ಕಟ್ಟಿಸಿದರಂತೆ. ಅವರು ಕಟ್ಟಿಸಿದ ಮೇಲೆ ನಾವೇನು ಕಡಿಮೆ ಎಂದು ಇನ್ನೊಬ್ಬರು, ಅವರ ಮೇಲೆ ಮತ್ತೊಬ್ಬರು. ಒಳಗೆ ತುಂಬುವ ಮಣ್ಣನ್ನು ಪಂಚಾಯಿತಿ ಪುಕ್ಕಟೆ ಕೊಟ್ಟಿತು. ಅತ್ತಿಗೆ ಅಣ್ಣನ ವರ್ಷದ ಪೂಜೆಗೆ ಇದನ್ನು ಕಟ್ಟಿಸಿ, ಊರಿಗೆಲ್ಲ ಪಾಯಸದ ಊಟ ಹಾಕಿದರು. ಆಗ ನಾನು ಕಾಲು ಮುರಿದುಕೊಂಡು ಮಲಗಿದ್ದೆ, ಬರಲಾಗಲಿಲ್ಲ, ಆಮೇಲೂ ಬಂದಿರಲಿಲ್ಲ.

ಅಷ್ಟರಲ್ಲಿ ಪಂಚಾಯಿತಿ ಸದಸ್ಯ ಗಿರೀಶ ಮೋಟರ್ ಸೈಕಲ್ಲಿನಲ್ಲಿ ಬಂದ. ದೂರದ ನೆಂಟ, ನನ್ನನ್ನು ಅಕ್ಕ ಎನ್ನುತ್ತಾನೆ. ತೋಪಿನ ಕಂಟ್ರಾಕ್ಟು ಕೂಡ ಅವನ ಕಡೆಯವರದೇ. ಮರ ಕಡಿಯುವ ವಿಚಾರ ಕೇಳಿದರೆ, ಅದು ಸತ್ತ ಮರ, ಕೊಂಬೆ ಬಿದ್ದು ಯಾರಾದರೂ ಸತ್ತರೆ ಹೊಣೆ ಯಾರು, ಬೇಕಾದರೆ ಅದೇ ಕಟ್ಟೆಯಲ್ಲಿ ಒಂದು ಒಳ್ಳೆ ಹೂವಿನ ಗಿಡ ಹಾಕಿಸಿಕೊಡುತ್ತೇನೆ ಎಂದ. ಅಣ್ಣನ ಕಟ್ಟೆಗೆ ಏನೂ ಆಗುವುದಿಲ್ಲ ಎಂದು ಭರವಸೆ ಬೇರೆ ಕೊಟ್ಟ. ಮರ ಸತ್ತದ್ದು ಯಾಕೆ ಎಂದು ನೀವು ಯಾರಾದರೂ ವಿಚಾರ ಮಾಡಿದಿರಾ ಎಂದು ಕೇಳಿದೆ.

“ವಯಸ್ಸಾಯ್ತು ಅಕ್ಕ, ಇನ್ನೇನು” ಎಂದು ಕೈ ಝಾಡಿಸಿದ. “ಮೊದ್ಲು ಇಲ್ಲಿ ಏನಿತ್ತು ಏಳಿ, ಸಗಣಿ, ಕಸ, ದನ. ಈಗ ಮದ್ವೆ ಫೋಟೊ ತಗಿಸ್ಕಳಕೆ ಹನೂರಿಂದ ಬತ್ತಾರ.”

ನನಗೆ ಮೈಯೆಲ್ಲ ಉರಿಯಿತು. ಸಗಣಿಯನ್ನು ಆ ಮರಗಳು ಗೊಬ್ಬರವೆಂದು ಉಂಡಿದ್ದವು, ಕಸ ಎಂದರೆ ಅವುಗಳದೇ ಎಲೆ. ದನ ಮಲಗುವ ನೆರಳನ್ನು ಕಿತ್ತುಕೊಂಡು ಫೋಟೊದವರಿಗೆ ಕೊಟ್ಟಿದ್ದನ್ನು ಇವನು ಸಾಧನೆ ಎನ್ನುತ್ತಾನೆ. ತಾತ ಮುತ್ತಾತ ಕಾದಿಟ್ಟ ತೋಪು ಇವರ ಕೈಗೆ ಬಂದು ನಾಲ್ಕು ದಿನವಾಗಿಲ್ಲ, ನಾಲ್ಕು ಮರಕ್ಕೆ ಒಂದರಂತೆ ಒಣಗುತ್ತಿದೆ. ಇಷ್ಟನ್ನೂ ಹೇಳಲು ಬಾಯಿ ತೆರೆದೆ. ಅತ್ತಿಗೆ ಕಟ್ಟೆಯ ಕಲ್ಲಿನ ಮೇಲೆ ಕೂತ ಧೂಳನ್ನು ಸೆರಗಿನಿಂದ ಒರೆಸುತ್ತಿದ್ದರು. ಬಾಯಿ ಮುಚ್ಚಿಕೊಂಡೆ. ಆ ಸಿಟ್ಟನ್ನು ನುಂಗಿದ್ದು ನನಗೆ ಎರಡು ದಿನ ಎದೆಯುರಿಯಂತೆ ಕಾಡಿತು.

ಅತ್ತಿಗೆಯ ಮಗ, ಸೊಸೆ ಒಂದು ಮದುವೆಗೆಂದು ಸತ್ಯಮಂಗಲಕ್ಕೆ ಹೋಗಿದ್ದರಿಂದ ಮನೆಯಲ್ಲಿ ನಾವಿಬ್ಬರೇ. ಅತ್ತಿಗೆ ಮುದ್ದೆ, ಸೊಪ್ಪಿನ ಉಪ್ಸಾರು ಮಾಡಿದ್ದರು. ಉಣ್ಣುವಾಗ ಯಳಂದೂರು ಕಡೆಯ ಹೊನ್ನೂರಿನಿಂದ ಅವರ ತಮ್ಮ ಲಿಂಗರಾಜು ಫೋನು ಮಾಡಿದ. ಹಸು ಕರು ಹಾಕಿದೆ, ನಾಳೆ ಗಿಣ್ಣು ಕಾಯಿಸುತ್ತೇವೆ, ಅಕ್ಕನೂ ನೀವೂ ಬನ್ನಿ ಎಂದ. ಅತ್ತಿಗೆಗೆ ಹೋಗುವ ಮನಸ್ಸಿರಲಿಲ್ಲ. ಮರ ಕಡಿಯುವುದರೊಳಗೆ ಇನ್ನು ಇರುವುದೇ ಎರಡು ದಿನ, ಅದನ್ನು ಬಿಟ್ಟು ಎಲ್ಲಿಗೆ ಹೋಗಲಿ ಎಂದರು. ಲಿಂಗರಾಜುವನ್ನೂ ಕರೆದುಕೊಂಡು ಬಂದರೆ ಪಂಚಾಯಿತಿಯವರ ಹತ್ತಿರ ಮಾತಾಡಲು ಒಂದು ಗಂಡು ದನಿ ಸಿಗುತ್ತದೆ ಎಂದು ನಾನು ಒತ್ತಾಯ ಮಾಡಿ ಹೊರಡಿಸಿದೆ. ಗಂಡು ದನಿ ಇಲ್ಲದಿದ್ದರೆ ಇಂದಿಗೂ ನಮ್ಮ ಮಾತು ಕೇಳುವುದಿಲ್ಲ, ಅದೊಂದು ಬೇರೆ ಸಿಟ್ಟು.

ಮಾರನೆಯ ದಿನ ಕೊಳ್ಳೇಗಾಲಕ್ಕೆ ಬಂದು, ಅಲ್ಲಿಂದ ಅಗರದ ಕಡೆಯ ಬಸ್ಸು ಹತ್ತಿ, ಇಳಿದು ಆಟೊ ಮಾಡಿಕೊಂಡೆವು. ಆಟೊದವನು ನೂರು ರೂಪಾಯಿ ಕೇಳಿದ. ಅತ್ತಿಗೆ, ನಮ್ಮ ತವರಿಗೆ ಹೋಗೋಕೆ ನನಗೇ ನೂರು ಹೇಳ್ತೀಯಾ ಎಂದು ದಬಾಯಿಸಿ ಅರವತ್ತಕ್ಕೆ ಇಳಿಸಿದರು. ದಾರಿಯ ಎರಡೂ ಕಡೆ ಭತ್ತ, ಕಬ್ಬು, ತೆಂಗು. ಕಾಲುವೆಯ ನೀರಿನ ತಂಪು ಮುಖಕ್ಕೆ ಬಡಿದಾಗ ಅತ್ತಿಗೆಯ ಮುಖ ಸ್ವಲ್ಪ ಸಡಿಲವಾಯಿತು. ತವರಿನ ಗಾಳಿಗೆ ಅಷ್ಟು ಗುಣ ಇದ್ದೇ ಇರುತ್ತದೆ.

ಗಿಣ್ಣು ಗಟ್ಟಿಯಾಗಿ, ಏಲಕ್ಕಿ ಘಮ್ಮೆನ್ನುತ್ತ ತಟ್ಟೆಗೆ ಬಿತ್ತು. ನಾನು ಎರಡು ಸಲ ಹಾಕಿಸಿಕೊಂಡೆ. ಆಮೇಲೆ ಲಿಂಗರಾಜು ಹಸುವಿನ ಮಾಸನ್ನು ಕಟ್ಟಿಬಂದ ಮರ ತೋರಿಸುತ್ತೇನೆಂದು ನಮ್ಮನ್ನು ಊರ ಹೊರಗಿನ ಕಾಲುವೆ ಏರಿಯ ಮೇಲೆ ಕರೆದುಕೊಂಡು ಹೋದ. ಅಲ್ಲಿ ಹಿಂದಿನ ಗುಂಡುತೋಪಿನಲ್ಲಿ ಉಳಿದ ಒಂದು ತುಂಡು ಇತ್ತು. ಹೆಚ್ಚೇನಿಲ್ಲ, ಆಲದ ಜಾತಿಯ ಒಂದು ಗೋಣಿ ಮರ, ಕೆಲವು ಹಿಪ್ಪೆ. ಸುತ್ತ ಒತ್ತುವರಿಯಾಗಿ ಕಬ್ಬಿನ ಗದ್ದೆ ಬುಡದವರೆಗೂ ಬಂದಿತ್ತು. ಈ ಊರಿನವರು ಮರವನ್ನು ಗೌರವಿಸಲು ಹೋಗಿಲ್ಲ, ನೆಲವನ್ನಷ್ಟೇ ನುಂಗಿದ್ದಾರೆ. ಯಾವುದು ವಾಸಿ ಎಂದು ಯೋಚಿಸಿದರೆ ಮತ್ತೆ ಕೋಪ ಬಂತು.

ಆದರೆ ಮರಗಳು ಚೆನ್ನಾಗಿದ್ದವು. ಕೆಂಪು ಚಿಗುರು ಬಿಟ್ಟು, ಕೊಂಬೆ ಕೊಂಬೆಗೂ ಹೂವಿನ ಗೊಂಚಲು ತೂಗಿ, ಕೆಳಗೆಲ್ಲ ಹೂವು ಉದುರಿತ್ತು. ಕುಟ್ರು ಹಕ್ಕಿ ಒಂದೇ ಸಮನೆ ಕೂಗುತ್ತಿತ್ತು. ಗೋಣಿ ಮರದಲ್ಲಿ ಹುಲ್ಲಿನ ಹೊಸ ಗಂಟು, ಅದರ ಪಕ್ಕ ಹಳೆಯವು ಒಣಗಿ ಕಪ್ಪಾಗಿದ್ದವು. ಲಿಂಗರಾಜು ಅದನ್ನು ತೋರಿಸುತ್ತ ಹಸುವಿನ ತಳಿ, ಹಾಲಿನ ಲೆಕ್ಕ ಹೇಳತೊಡಗಿದ. ಅತ್ತಿಗೆ ಕೇಳಿಸಿಕೊಳ್ಳುತ್ತಿರಲಿಲ್ಲ. ಅವರು ಒಂದು ಹಿಪ್ಪೆ ಮರದ ಬುಡದಲ್ಲಿ ನಿಂತು ಕೆಳಗೆ ನೋಡುತ್ತಿದ್ದರು. ನೆಲ ಮುಟ್ಟುವ ಕಡೆ ಬೊಡ್ಡೆ ಅಗಲವಾಗಿ, ಬೇರುಗಳು ಆ ಕಡೆ ಈ ಕಡೆ ಚಾಚಿ, ಸ್ವಲ್ಪ ದೂರ ಮೇಲೆಯೇ ಹರಿದು ಮಣ್ಣಿಗೆ ಇಳಿದಿದ್ದವು. ಅತ್ತಿಗೆ ಕುಕ್ಕರುಗಾಲಿನಲ್ಲಿ ಕೂತು ಒಂದು ಬೇರಿನ ಮೇಲೆ ಕೈಯಾಡಿಸಿದರು.

“ಇದ್ಕೆ ಕಾಲು ಅದ ರತ್ನವ್ವ” ಎಂದರು. ಕೈಯನ್ನು ಬೇರಿನ ಮೇಲೇ ಇಟ್ಟುಕೊಂಡು ಕೇಳಿದರು, “ನಮ್ ಮರಕ್ಕೆ ಕಾಲು ಎಲ್ಲದ?”

ಅವರು ತಲೆಯೆತ್ತಿ ನನ್ನ ಮುಖ ನೋಡಿದರು. ಹಿಂದಿನ ದಿನದಿಂದ ನಾನು ನುಂಗಿಕೊಂಡಿದ್ದು ಅವರಿಗೆ ಅಲ್ಲೇ ಸಿಕ್ಕಿತೆಂದು ಕಾಣುತ್ತದೆ. ಎದ್ದು ಮಂಡಿಯ ಮಣ್ಣು ಕೊಡವಿಕೊಂಡು, ಹೊತ್ತಾಯಿತು ಹೊರಡೋಣ ಎಂದರು. ಬಸ್ಸಿನಲ್ಲಿ ಕೊಳ್ಳೇಗಾಲದವರೆಗೂ, ಅಲ್ಲಿಂದ ಹನೂರಿನವರೆಗೂ ಬೇರಿನ ಮಣ್ಣು ಅಂಟಿದ ಅಂಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಕಂಡಕ್ಟರು ಟಿಕೆಟ್ಟಿಗೆ ಕಾರ್ಡು ಕೇಳಿದಾಗ ನಾನೇ ಅವರ ಕೈಚೀಲದಿಂದ ತೆಗೆದುಕೊಟ್ಟೆ. ಹೊರಡುವ ಮುಂಚೆ ತಮ್ಮನಿಗೆ ಏನೋ ಹೇಳಿದ್ದರು. ಅದು ಏನೆಂದು ಭಾನುವಾರ ಬೆಳಿಗ್ಗೆ ಗೊತ್ತಾಯಿತು.

ಭಾನುವಾರ ಲಿಂಗರಾಜು ಬೈಕಿನಲ್ಲಿ ಬಂದಿಳಿದ. ಬೈಕಿಗೆ ಅಡ್ಡಲಾಗಿ ಹಾರೆ, ಗುದ್ದಲಿ ಕಟ್ಟಿಕೊಂಡಿದ್ದ. ಅತ್ತಿಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟು, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ತೋಪಿಗೆ ನಡೆದರು. ಅಣ್ಣನ ಹೆಸರಿನ ಕಲ್ಲಿಗೆ ಕೈಮುಗಿದು, ತಮ್ಮನ ಕೈಯಿಂದ ಹಾರೆ ತೆಗೆದುಕೊಂಡು, ಕಲ್ಲಿನ ಪಕ್ಕದ ಟೈಲ್ಸಿಗೆ ತಾವೇ ಮೊದಲ ಏಟು ಹಾಕಿದರು. ಟೈಲ್ಸು ಬಿರಿಯಿತು, ಸಿಮೆಂಟು ಜಗ್ಗಲಿಲ್ಲ. ಎರಡನೆಯ ಏಟಿಗೆ ಅವರ ಬಳೆ ಒಡೆದು ಮುಂಗೈಯಲ್ಲಿ ರಕ್ತ ಬಂತು. ಗಂಡ ತೀರಿಕೊಂಡ ಮೇಲೂ ಬಿಡದೆ ಹಟ ಹಿಡಿದು ತೊಟ್ಟುಕೊಂಡಿದ್ದ ಬಳೆಗಳು. ಅದನ್ನು ಅವರು ತಿರುಗಿಯೂ ನೋಡಲಿಲ್ಲ. ಲಿಂಗರಾಜು ಹಾರೆ ಇಸಿದುಕೊಂಡ.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಜನ ಸೇರಿದರು, ಗಿರೀಶನೂ ಬಂದ. ಇದು ಪಂಚಾಯಿತಿ ಆಸ್ತಿ, ಪರ್ಮಿಷನ್ ಇಲ್ಲದೆ ಒಡೆಯುವ ಹಾಗಿಲ್ಲ ಎಂದು ಶುರುಮಾಡಿದ. ಮರ ಕಡಿಯುವಾಗ ಇಲ್ಲದ ಪರ್ಮಿಷನ್ನು ಟೈಲ್ಸಿಗೆ ಯಾಕೆ ಬೇಕು ಎಂದು ನಾನು ಜೋರಾಗಿಯೇ ಕೇಳಿದೆ. ಎರಡು ದಿನ ಕಟ್ಟಿಟ್ಟದ್ದೆಲ್ಲ ಆಗ ಹೊರಬಂತು. ಬೇರಿನ ಮೇಲೆ ಮಣ್ಣು ಹೇರಿ, ಮಣ್ಣಿನ ಮೇಲೆ ಸಿಮೆಂಟು ಬಳಿದು, ನೀರೂ ಗಾಳಿಯೂ ಹೋಗದ ಹಾಗೆ ಮಾಡಿ, ಈಗ ಸತ್ತಿದೆ ಎಂದು ಕಡಿಯಲು ಬರುತ್ತೀರಲ್ಲ, ನಾಚಿಕೆಯಾಗುವುದಿಲ್ಲವೇ ಎಂದೆ. ಗಿರೀಶ ನನಗೆ ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ. ಅತ್ತಿಗೆಯ ಕಡೆ ತಿರುಗಿ, ಪೂಜೆ ಮಾಡಿ ಕಟ್ಟಿದ ಕಟ್ಟೆ, ಅದರಲ್ಲೂ ಅಣ್ಣನ ಹೆಸರಿದೆ, ಒಡೆದರೆ ಮನೆಗೆ ಒಳ್ಳೆಯದಲ್ಲ ಎಂದು ಮೆತ್ತಗೆ ಹೇಳಿದ. ಸುತ್ತ ನಿಂತವರೂ ಹೌದು ಹೌದು ಎಂದರು. ಅವರ ಮನೆಯ ಹೆಸರುಗಳೂ ಪಕ್ಕದ ಕಟ್ಟೆಗಳ ಮೇಲಿದ್ದವು.

ಅತ್ತಿಗೆ ಮುಂಗೈಯ ರಕ್ತವನ್ನು ಸೆರಗಿಗೆ ಒತ್ತಿಕೊಂಡು ಅವನನ್ನು ನೋಡಿದರು. ಅವರ ದನಿ ಏರಲಿಲ್ಲ.

“ಅವ್ರನ್ನ ಅತ್ಕಂಡು ಮಣ್ಣು ಮಾಡ್ದೊ ಕಣಪ್ಪ. ಈ ಮರನ ಪಾಯ್ಸ ಕಾಯ್ಸಿ, ಊರ್ಗೆಲ್ಲ ಉಣ್ಸಿ ಮಣ್ಣು ಮಾಡ್ಬುಟ್ಟಿ. ಈಗ ತಗಿತಾ ಇವ್ನಿ. ಬುಡು.”

ಗಿರೀಶ ಬಿಟ್ಟ. ಮಳೆಗಾಲ ಕಳೆಯಲಿ, ಚಿಗುರದಿದ್ದರೆ ಕಡಿಯುವುದು ಕಡಿಯುವುದೇ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹೊರಟುಹೋದ. ಜನ ಮಾತ್ರ ನಿಂತು ನೋಡುತ್ತಲೇ ಇದ್ದರು.

ಸಿಮೆಂಟಿನ ಮುಚ್ಚಳ ತೆಗೆದ ಮೇಲೆ ಪಂಚಾಯಿತಿ ಪುಕ್ಕಟೆ ಕೊಟ್ಟ ಮಣ್ಣು ಎಂಥದೆಂದು ಕಂಡಿತು. ಅದು ಮಣ್ಣೇ ಅಲ್ಲ. ಯಾವುದೋ ಕಟ್ಟಡ ಕೆಡವಿದ ಇಟ್ಟಿಗೆ ಚೂರು, ಗಾರೆ, ಹೆಂಚು, ಪ್ಲಾಸ್ಟಿಕ್ ಚೀಲ, ಒಂದು ಮುರಿದ ಬಚ್ಚಲ ಪೈಪು. ಈ ರಾಶಿಯ ಮೇಲೆ ನಮ್ಮಣ್ಣನ ಹೆಸರು ಕೂರಿಸಿ ಆರತಿ ಎತ್ತಿಸಿದ್ದರು! ಲಿಂಗರಾಜು ಅಗೆದದ್ದನ್ನು ನಾನು ಬಾಂಡಲಿಯಲ್ಲಿ ಹೊತ್ತುಹಾಕಿದೆ. ಕಾಲು ಮುರಿದುಕೊಂಡವಳು ಎಂಬುದು ಆ ಹೊತ್ತು ಮರೆತೇಹೋಗಿತ್ತು. ಮಧ್ಯಾಹ್ನದ ಬಿಸಿಲಿಗೆ ನೋಡುತ್ತ ನಿಂತವರಲ್ಲಿ ಒಬ್ಬಿಬ್ಬರು ಹೆಂಗಸರು ಮಾತಿಲ್ಲದೆ ಬಂದು ಬಾಂಡಲಿಗೆ ಕೈಹಚ್ಚಿದರು.

ತಳ ಸೇರುವ ಹೊತ್ತಿಗೆ ಅತ್ತಿಗೆ ಗುದ್ದಲಿ ಬೇಡ ಎಂದರು. ಕೂತು ಕೈಯಿಂದಲೇ ಮಣ್ಣು ಬಾಚಿದರು. ರಸ್ತೆಯ ಕಡೆಯ ಬೇರು ಕಪ್ಪಾಗಿ ಕೊಳೆತು, ಬೆರಳು ಒತ್ತಿದರೆ ಒಳಗೆ ಹೋಗುತ್ತಿತ್ತು. ಪೂರ್ವದ ಕಡೆಯದು ಇನ್ನೂ ಗಟ್ಟಿಯಾಗಿತ್ತು. ಲಿಂಗರಾಜು ಉಗುರಿನಿಂದ ತೊಗಟೆ ಕೆರೆದ. ಕೆಳಗೆ ಹಸಿರು ಕಂಡಿತು, ಒಂದು ತೊಟ್ಟು ಹಾಲೂ ಬಂತು. ಎರಡು ಬೇರುಗಳ ನಡುವೆ ಅತ್ತಿಗೆ ಬಾಚುತ್ತಿದ್ದ ಕೈ ನಿಂತಿತು. ಅಲ್ಲಿ ಬೇರಿನ ಮೇಲುಭಾಗ ಸವೆದು, ನುಣುಪಾಗಿ, ಸ್ವಲ್ಪ ತಗ್ಗಾಗಿತ್ತು. ನಮ್ಮ ತಾತ ಕೂತು, ಅಪ್ಪ ಕೂತು, ಆಮೇಲೆ ಅಣ್ಣ ದಿನಾ ಸಂಜೆ ಬೊಡ್ಡೆಗೆ ಬೆನ್ನು ಕೊಟ್ಟು ಕೂತು ಸವೆಸಿದ ಜಾಗ ಅದು. ನಾನೂ ಮರೆತಿದ್ದೆ. ಆ ಮನುಷ್ಯನ ಗುರುತು ಆ ಮರದಲ್ಲಿ ಮೊದಲೇ ಇತ್ತು. ಅದರ ಮೇಲೆ ಬಚ್ಚಲ ಪೈಪು ಸುರಿದು ಹೆಸರು ಕೆತ್ತಿಸಿದ್ದೆವು.

ಅತ್ತಿಗೆ ಆಗ ಅತ್ತರು. ಅಣ್ಣ ಹೋದಾಗಲೂ ಅವರು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ಹೆಸರಿನ ಕಲ್ಲನ್ನು ಲಿಂಗರಾಜು ಮನೆಗೆ ಸಾಗಿಸಿ ಹಿತ್ತಲ ಗೋಡೆಗೆ ಒರಗಿಸಿದ.

ಸೋಮವಾರ ಬೆಳಿಗ್ಗೆ ನಾನು ಹೊರಟೆ. ಮರ ಕಡಿಯುವವರು ಬರಲಿಲ್ಲ. ಪಕ್ಕದ ಕಟ್ಟೆಗಳು ಹಾಗೆಯೇ ಮಿರುಗುತ್ತಿದ್ದವು, ಒಂದು ಟೈಲ್ಸೂ ಅಲುಗಿರಲಿಲ್ಲ. ನಿನ್ನೆ ಬಾಂಡಲಿ ಹೊತ್ತ ಹೆಂಗಸರ ಮನೆಯವರ ಹೆಸರುಗಳೂ ಅವುಗಳ ಮೇಲಿವೆ, ಆ ಮರಗಳ ನೆತ್ತಿಯೂ ಬೆಳ್ಳಗಾಗುತ್ತಿದೆ. ಬೈದು ಬೈದು ನನ್ನ ಗಂಟಲು ಕಟ್ಟಿತ್ತು, ಸಿಟ್ಟು ಮಾತ್ರ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ನಮ್ಮ ಮರ ಮಳೆಗಾಲಕ್ಕೆ ಚಿಗುರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಅರ್ಧ ಕೊಳೆತ ಮರ ಅದು.

ಆಟೊ ಹತ್ತಿಸಲು ಅತ್ತಿಗೆ ತೋಪಿನವರೆಗೆ ಬಂದರು. ಒಂದು ಡಬ್ಬಿಯಲ್ಲಿ ಉಪ್ಸಾರಿನ ಖಾರ ಕೊಟ್ಟು, ಮಾತ್ರೆ ಮರೆಯಬೇಡ ಎಂದರು. ಆಟೊ ಹೊರಟ ಮೇಲೆ ಹಿಂತಿರುಗಿ ನೋಡಿದೆ. ಕೈಬೀಸಲು ಅವರು ಅಲ್ಲಿ ನಿಂತಿರಲಿಲ್ಲ. ಇಟ್ಟಿಗೆ ಚೂರಿನ ರಾಶಿ ದಾಟಿ ಹೋಗಿ, ಎರಡು ಬೇರುಗಳ ನಡುವಿನ ಆ ಸವೆದ ಜಾಗದಲ್ಲಿ, ಬೊಡ್ಡೆಗೆ ಬೆನ್ನು ಕೊಟ್ಟು ಕೂತಿದ್ದರು.